ಎಲ್ಲಮ್ಮ ಮಗಳ ದನಿಯ ಹಿಂದೆ ಹೋದದ್ದು

ರಾರಾವಿಯ ಎಲ್ಲಮ್ಮ ಯಾರನ್ನೂ ಒಂದೇ ಮಾತಿಗೆ ನಂಬಿದವಳಲ್ಲ. ಅಂಗಡಿಯವನು ತೂಗಿ ಕೊಟ್ಟ ಬೆಲ್ಲವನ್ನು ಮತ್ತೆ ತನ್ನ ಅಂಗೈಯಲ್ಲಿ ತೂಗುವಳು. ಸಿರುಗುಪ್ಪ ಬಂತು ಎಂದು ಕಂಡಕ್ಟರ್ ಕೂಗಿದರೂ ಕಿಟಕಿಯಿಂದ ಇಣುಕಿ ನೋಡಿಯೇ ಇಳಿಯುವಳು. "ದೇವ್ರು ಎದ್ರಿಗೆ ನಿಂತು ವರ ಕೇಳು ಅಂದ್ರೂ, ನೀನು ಯಾವೂರ ದೇವ್ರಪ್ಪಾ ಅಂತ ಕೇಳಾಕಿ" ಎಂದು ಗಂಡ ಎರ್ರಣ್ಣ ನಗುತ್ತಿದ್ದ. ಅವನು ಸಿರುಗುಪ್ಪದ ರೈಸ್ ಮಿಲ್ಲಿನಲ್ಲಿ ಹಮಾಲಿ. ಮೂಟೆ ಹೊತ್ತು ಮನೆಗೆ ಬಂದವನಿಗೆ ಅನುಮಾನ ಪಡುವಷ್ಟು ತ್ರಾಣ ಉಳಿಯುತ್ತಿರಲಿಲ್ಲ.

ಎಲ್ಲಮ್ಮನ ಅನುಮಾನ ಸುಮ್ಮನೆ ಹುಟ್ಟಿದ್ದಲ್ಲ. ಮಗಳು ಶಶಿರೇಖಾ ಇನ್ನೂ ಮೊಲೆ ಕುಡಿಯುತ್ತಿದ್ದ ಕಾಲದಲ್ಲಿ, ಭತ್ತದ ನಾಟಿ ನಡೆದಿದ್ದಾಗ ಪ್ಯಾಂಟು ತೊಟ್ಟ ಯಾರೋ ಇಬ್ಬರು ಗದ್ದೆಯ ಬದುವಿಗೆ ಬಂದು, "ಯಮ್ಮಾ, ಸ್ವಲ್ಪ ನಗು" ಎಂದು ಅವಳ ಫೋಟೋ ಹೊಡೆದುಕೊಂಡು ಹೋದರು. ಮುಂದಿನ ಹಂಗಾಮಿಗೆ ನೋಡಿದರೆ ಸಿರುಗುಪ್ಪದ ಒಂದು ಬೆಳೆ ಔಷಧಿ ಅಂಗಡಿಯ ಮೇಲೆ ಆಳೆತ್ತರದ ಫ್ಲೆಕ್ಸಿನಲ್ಲಿ ಅವಳದೇ ಮುಖ! ಅವಳಿಗೆ ಓದು ಬಾರದು. ಜತೆಗಿದ್ದವಳು ಓದಿ ಹೇಳಿದಳು: ಈ ಔಷಧಿ ಹೊಡೆದ ಮೇಲೆ ನನ್ನ ಹೊಲ ಬಂಗಾರವಾಯಿತು. ಎಲ್ಲಮ್ಮನಿಗೆ ಒಂದು ಸೆಂಟು ಹೊಲವೂ ಇರಲಿಲ್ಲ. ಅಂದಿನಿಂದ ಯಾರಾದರೂ ಫೋನು ಎತ್ತಿ ಹಿಡಿದರೆ ಸೆರಗು ಮುಖಕ್ಕೆ ಬರುತ್ತಿತ್ತು.

ಹೀಗಿರುವಾಗ ಕಳೆದ ವರ್ಷ, ದಸರೆ ರಜೆ ಮುಗಿದು ಶಾಲೆ ಶುರುವಾದ ಮೇಲೆ, ಅವಳ ಅಣ್ಣ ಹುಲುಗಪ್ಪ ಊರಿಗೆ ಬಂದ. ಅವನು ಬಳ್ಳಾರಿಯ ಪಾರ್ವತಿನಗರದಲ್ಲಿ ವಾಚ್‌ಮನ್. ಕೂತವನೇ ಫೋನು ತೆಗೆದು, "ತಂಗೀ, ಇಲ್ಲಿ ನೋಡು, ಬಳ್ಳಾರ್ಯಾಗಿನ ಸಭಿ ಇದು, ನಮ್ಮ ಶಶಿ ಅಲ್ಲೇನು?" ಎಂದ.

ನೋಡಿದಳು. ದೊಡ್ಡ ಸಭಾಂಗಣ, ತುಂಬ ಜನ, ಎದುರಿನ ಪರದೆಯ ಮೇಲೆ ಎರಡು ಜಡೆಯ ಶಶಿರೇಖಾಳ ಫೋಟೋ. ಪಕ್ಕದಲ್ಲಿ ಮೈಕು ಹಿಡಿದು ನಿಂತವರು ಊರ ಶಾಲೆಯ ಗುರುಸ್ವಾಮಿ ಮೇಷ್ಟ್ರು. ಸಭಾಂಗಣದ ತುಂಬ ಮಗಳ ದನಿ ಕೇಳಿತು: "ಅಕ್ಕಿ ಆರಿತು." ಜನ ಗೊಳ್ಳೆಂದು ನಕ್ಕರು. ವಿಡಿಯೋ ಅಲ್ಲಿಗೇ ಮುಗಿಯಿತು.

"ಏನೈತಿ ಅದ್ರಾಗ ನಗಾಕ?" ಎಂದಳು ಎಲ್ಲಮ್ಮ. "ಅಕ್ಕಿ ಆರಿತು ಅಂದ್ಳು. ಬಿಸ್ಲಿಗೆ ಹಾಕಿದ್ರ ಆರಂಗಿಲ್ಲೇನು?"

ಹುಲುಗಪ್ಪ ತಲೆ ಕೆರೆದುಕೊಂಡ. "ಪುಸ್ತಕದಾಗ ಹಕ್ಕಿ ಹಾರಿತು ಅಂತ ಐತಂತ. ತೆಲುಗಿನಾಗ ಪಿಟ್ಟ ಎಗಿರಿಂದಿ ಅಂತೀವಲ್ಲ, ಅದು. ಇಕಿ ಅಕ್ಕಿ ಅಂದ್ಳು, ಅದಕ್ಕ."

ಮನೆಯಲ್ಲಿ ಅವರದು ತೆಲುಗು. ಬೀದಿಯಲ್ಲಿ ಆಡುವ ಕನ್ನಡದಲ್ಲಿ ಹಕಾರ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ತಪ್ಪಾಗಿರುವುದು ತನ್ನ ಕಿವಿಗೇ ಗೊತ್ತಾಗಲಿಲ್ಲವಲ್ಲ ಎಂಬುದು ಎಲ್ಲಮ್ಮನಿಗೆ ಆ ನಗುವಿಗಿಂತ ಹೆಚ್ಚು ಚುಚ್ಚಿತು. ಆಮೇಲೆ ಸಿಟ್ಟು ಬಂತು. ಬಳ್ಳಾರಿಯ ಆ ಸಭಾಂಗಣಕ್ಕೆ ಮಗಳ ಮುಖ, ಮಗಳ ದನಿ ಹೋದದ್ದಾದರೂ ಹೇಗೆ?

ಮಗಳನ್ನು ನೇರವಾಗಿ ಕೇಳಲಿಲ್ಲ. ಕೇಳಿದರೆ ಮೇಷ್ಟ್ರಿಗೆ ಸುದ್ದಿ ಮುಟ್ಟಿ ಅವರು ಎಚ್ಚರವಾಗುತ್ತಾರೆ ಎಂಬ ಲೆಕ್ಕ. ಕಳೆ ಕೀಳುವ ಕೆಲಸ ಬಿಟ್ಟು ಒಂದು ಬೆಳಗ್ಗೆ ಶಾಲೆಯ ಹಿಂದಿನ ಕಿಟಕಿಯ ಕೆಳಗೆ ಕೂತಳು. ಒಳಗೆ ಮಕ್ಕಳು ಒಬ್ಬೊಬ್ಬರಾಗಿ ಮೇಷ್ಟ್ರ ಫೋನಿಗೆ ಪಾಠ ಓದುವುದು, ಮತ್ತೆ ತಮ್ಮ ದನಿಯನ್ನೇ ಕೇಳಿಸಿಕೊಳ್ಳುವುದು ನಡೆದಿತ್ತು. ಇಷ್ಟು ದನಿ ಸೇರಿಸಿ ಈ ಮನುಷ್ಯ ಏನು ಮಾಡುತ್ತಾನೆ? ಪಕ್ಕದ ಮನೆಯ ಸಾವಂತ್ರಮ್ಮ ಬೆಂಕಿಗೆ ಎಣ್ಣೆ ಸುರಿದಳು: "ಈಗ ದನಿ ಕದ್ದು ಕಂಪ್ಯೂಟರಿಗೆ ತುಂಬ್ತಾರಂತವ್ವಾ. ಆಮ್ಯಾಗ ಕಂಪ್ಯೂಟರು ನಿನ್ನ ಮಗಳಂಗ ಮಾತಾಡ್ತೈತಂತ." ಬಳ್ಳಾರಿಯಲ್ಲಿ ಮೇಷ್ಟ್ರಿಗೆ ಶಾಲು ಹೊದಿಸಿದರೆಂಬ ಸುದ್ದಿಯೂ ಬಂತು. ನನ್ನ ಮಗಳ ದನಿ ಕೊಟ್ಟು ಶಾಲು ತಂದಿದ್ದಾನೆ ಎಂದು ಎಲ್ಲಮ್ಮ ಖಾತ್ರಿ ಮಾಡಿಕೊಂಡಳು.

ಮರುದಿನ ಶಶಿರೇಖಾಳಿಗೆ ಕಟ್ಟಪ್ಪಣೆಯಾಯಿತು: ಫೋನು ಕಂಡರೆ ಬಾಯಿ ಮುಚ್ಚಬೇಕು. ಐದನೇ ತರಗತಿಯ ಹುಡುಗಿ ಅವ್ವನ ಮಾತು ಮೀರಲಿಲ್ಲ. ಮೂರು ದಿನ ತುಟಿ ಬಿಗಿದುಕೊಂಡು ಕೂತಳು. ಕೊನೆಗೆ ಮೇಷ್ಟ್ರೇ ಮನೆಗೆ ಬಂದರು.

ಎಲ್ಲಮ್ಮ ಒಳಗೆ ಕರೆಯದೆ ಹೊಸ್ತಿಲಲ್ಲೇ ನಿಂತಳು. "ನನ್ ಮಗಳ ಪಟ ತಗಂಡು ಊರೂರು ಯಾಕ ತಿರಗಾಕತ್ತೀರಿ?"

ಗುರುಸ್ವಾಮಿ ಬೆಚ್ಚಿದರು. ಆ ವಿಡಿಯೋದ ಸುದ್ದಿ ಅವರ ಕಿವಿಗೂ ಬಿದ್ದಿತ್ತು. "ಅದು ಶಿಕ್ಷಣ, ತಂತ್ರಜ್ಞಾನದ ಸಮ್ಮೇಳನ ಯಮ್ಮಾ. ಫೋನಿಂದ ಓದೋದು ಹೆಂಗ ಕಲಿಸ್ಬೋದು ಅಂತ ನಾನು ಪಿಪಿಟಿ ಮಾಡಿ ತೋರಿಸ್ದೆ. ಮೊದ್ಲು ಹೆಂಗ ಓದ್ತಿದ್ಳು, ಈಗ ಹೆಂಗ ಓದ್ತಾಳ, ಎರಡೂ ಕೇಳಿಸ್ದೆ. ಯಾರೋ ಅರ್ಧ ಹಿಡಿದು ಬಿಟ್ಟಾರ. ನಾನೇನು ಮಾಡ್ಲಿ?"

"ನಿಮ್ದು ನೀವು ಹಂಚ್ರಿ. ನನ್ ಮಗಳ್ದು ಹಂಚಾಕ ಯಾರನ್ನ ಕೇಳಿದ್ರಿ?"

"ಶಶಿನ್ನ ಕೇಳಿದ್ದೆ."

ಎಲ್ಲಮ್ಮ ತಿರುಗಿ ನೋಡಿದಳು. ಮಗಳು ಹೌದೆಂದು ತಲೆಯಾಡಿಸಿದಳು. ಇದೊಂದು ಹೊಸ ಪೆಟ್ಟು. ಮನೆಯಲ್ಲೂ ತನ್ನ ಕಣ್ಣು ತಪ್ಪಿಸಿ ಕೆಲಸ ನಡೆಯುತ್ತಿದೆ ಎಂದಾಯಿತು.

"ಬರೋ ಶನಿವಾರ ಕುರುಗೋಡಿನಾಗ ಮೇಷ್ಟ್ರುಗಳ ಸಭೆ ಐತಿ," ಎಂದರು ಗುರುಸ್ವಾಮಿ. "ಅಲ್ಲೂ ಇದನ್ನೇ ಹೇಳ್ತೀನಿ. ನೀವೇ ಬರ್ರಿ. ಪೂರ್ತಿ ನೋಡಿ ಆಮ್ಯಾಗ ಬೈಯ್ರಿ."

ಕರೆದರೆ ಬರುವುದಿಲ್ಲ ಎಂದುಕೊಂಡೇ ಕರೆದಿದ್ದಾನೆ ಎಂದು ಎಲ್ಲಮ್ಮನಿಗೆ ಅನ್ನಿಸಿತು. ಅದಕ್ಕಾಗಿಯೇ ಹೋದಳು. ಮಗಳ ಕೈ ಹಿಡಿದು ಸಿರುಗುಪ್ಪಕ್ಕೆ ಬಂದು, ಅಲ್ಲಿಂದ ಬೇರೆ ಬಸ್ಸು ಹತ್ತಿ ಕುರುಗೋಡು ತಲುಪಿದಳು. ಗುಡ್ಡದ ಬಂಡೆಗಳ ಕೆಳಗೆ ಒಂದು ಶಾಲೆಯ ಸಭಾಂಗಣ. ಒಳಗೆ ಇಸ್ತ್ರಿ ಅಂಗಿಗಳು, ಸೀರೆಗಳು. ತಾಯಿ ಮಗಳು ಹಿಂದಿನ ಸಾಲಿನಲ್ಲಿ ಗೋಡೆಗೊರಗಿ ಕೂತರು.

ಗುರುಸ್ವಾಮಿಯ ಸರದಿ ಬಂತು. ಚೆನ್ನಾಗಿಯೇ ಮಾತಾಡಿದರು. ತೆಲುಗು ಮನೆಮಾತಿನ ಮಕ್ಕಳಿಗೆ ತಮ್ಮ ದನಿಯನ್ನು ತಾವೇ ಕೇಳಿಕೊಂಡರೆ ತಪ್ಪು ತಾನಾಗಿ ತಿಳಿಯುತ್ತದೆ, ಹೆದರಿಕೆ ಹೋಗುತ್ತದೆ ಎಂದರು. ಎಲ್ಲಮ್ಮ ಪರದೆಯ ಕಡೆ ನೋಡುತ್ತಿರಲಿಲ್ಲ. ಮೇಷ್ಟ್ರ ಮುಖವನ್ನೇ ನೋಡುತ್ತಿದ್ದಳು. "ಅಕ್ಕಿ ಆರಿತು" ಎಂದು ದನಿ ಬಂತು. ಸಭೆ ನಕ್ಕಿತು. ಮೇಷ್ಟ್ರು ಸುಮ್ಮನೆ ನಿಂತರು. ನಗು ಮುಗಿಯುವವರೆಗೆ ತಾವೂ ತುಸು ನಗುತ್ತ, ತಬಲದವನ ತಾಳಕ್ಕೆ ಕಾದ ಹಾಡುಗಾರನ ಹಾಗೆ ಕಾದರು. ಆಮೇಲೆ ಎರಡನೆಯ ದನಿ ಬಂತು. ಶಶಿರೇಖಾ ಇಡೀ ಪುಟವನ್ನು ಎಲ್ಲೂ ಮುಗ್ಗರಿಸದೆ ಓದಿದಳು. ಹಕ್ಕಿ ಹಕ್ಕಿಯಾಗಿಯೇ ಹಾರಿತು. ಚಪ್ಪಾಳೆ ಬಿತ್ತು. ಎಲ್ಲಮ್ಮ ಅದನ್ನು ಆವತ್ತೇ ಮೊದಲು ಕೇಳಿದ್ದು. ಮನೆಯಲ್ಲಿ ಮಗಳು ಗಟ್ಟಿಯಾಗಿ ಓದಿದ್ದೇ ಇರಲಿಲ್ಲ.

ಸಭೆ ಮುಗಿದು ಚಹಾಕ್ಕೆ ಜನ ಎದ್ದಾಗ ಸುಧಾರಾಣಿ ಎಂಬ ಮೇಡಂ ಪೆನ್‌ಡ್ರೈವ್ ಹಿಡಿದು ಬಂದರು. "ಸರ್, ನಿಮ್ಮ ಪಿಪಿಟಿ ಕೊಡ್ರಿ. ನಮ್ಮ ಸಾಲ್ಯಾಗೂ ತೋರಿಸ್ತೀನಿ."

"ಕೊಡಬ್ಯಾಡ್ರಿ!"

ಚಹಾದ ಲೋಟಗಳು ಅಲ್ಲಲ್ಲೇ ನಿಂತವು. ಎಲ್ಲಮ್ಮ ಮುಂದೆ ಬಂದಿದ್ದಳು. "ಇದು ನನ್ ಮಗಳು. ನೀವೆಲ್ಲ ನಕ್ಕಿದ್ದು ಇಕಿಗೇ."

ಸುಧಾರಾಣಿ ಪೆನ್‌ಡ್ರೈವ್ ಹಿಂದಕ್ಕೆಳೆದುಕೊಂಡರು. ಗುರುಸ್ವಾಮಿ ಏನೋ ಹೇಳಹೊರಟರು. ಅಷ್ಟರಲ್ಲಿ ಶಶಿರೇಖಾ ಅವ್ವನ ಸೆರಗು ಜಗ್ಗಿದಳು.

"ಯಮ್ಮಾ, ಕೊಡ್ಲಿ ಬಿಡು. ಸಾರ್, ಮೊದ್ಲನೇದು ಆದ್ಮ್ಯಾಗ ನೀವು ನಿಂತ್ಕಂತೀರಲ್ರಿ, ಅದು ಬ್ಯಾಡ. ನಿಲ್ಲದಂಗ ಎರಡ್ನೇದು ಹಾಕ್ರಿ. ಆಗ ನಗಾಕ ಯಾರಿಗೂ ಟೈಮ್ ಸಿಗಂಗಿಲ್ಲ."

ಮೇಷ್ಟ್ರ ಮುಖ ಕೆಂಪಾಯಿತು. "ನಾನು ನಿಲ್ತೀನೇನು?" ಎಂದು ಸುತ್ತ ನೋಡಿದರು. ಇಲ್ಲವೆಂದು ಯಾರೂ ಅನ್ನಲಿಲ್ಲ. "ಜನ ನಕ್ರ ನಿದ್ದಿ ಮಾಡಂಗಿಲ್ಲ ಅಂತ..." ಎಂದು ಅರ್ಧಕ್ಕೆ ನಿಲ್ಲಿಸಿದರು. ಅಲ್ಲೇ ಕೂತು ಲ್ಯಾಪ್‌ಟಾಪಿನಲ್ಲಿ ಹುಡುಗಿಯ ಫೋಟೋ ತೆಗೆದರು, ಹೆಸರು ತೆಗೆದರು, ಎರಡು ದನಿಗಳನ್ನೂ ಒಂದೇ ಉಸಿರಿಗೆ ಸೇರಿಸಿದರು. ಎಲ್ಲಮ್ಮ ಹಿಂದೆ ನಿಂತು, "ಆ ಪಟ ಪೂರಾ ಹೋತಾ? ಇನ್ನೊಮ್ಮಿ ತೋರಿಸ್ರಿ" ಎನ್ನುತ್ತ ಎರಡೆರಡು ಸಲ ಪರೀಕ್ಷೆ ಮಾಡಿದಳು. ಆಮೇಲೆಯೇ ಸುಧಾರಾಣಿಗೆ ಪಿಪಿಟಿ ಸಿಕ್ಕಿತು. ಬಳ್ಳಾರಿಯಿಂದ ಆಗಲೇ ಹಂಚಿಹೋಗಿದ್ದ ಹಳೆಯದನ್ನು ಅಳಿಸಿರೆಂದು ಮೇಷ್ಟ್ರು ಶಿಕ್ಷಕರ ಗುಂಪಿಗೆ ಬರೆದರು. ಕೆಲವರು ಆಯಿತು ಎಂದರು, ಕೆಲವರು ಏನೂ ಅನ್ನಲಿಲ್ಲ. ಆ ಅರ್ಧ ವಿಡಿಯೋ ಇನ್ನೂ ಎಲ್ಲೋ ತಿರುಗುತ್ತಿರಬಹುದು. ಅದನ್ನು ಹಿಂದೆ ಕರೆಯುವ ದಾರಿ ಯಾರಿಗೂ ಗೊತ್ತಿಲ್ಲ.

ವಾಪಸು ಬಸ್ಸಿನಲ್ಲಿ ಎಲ್ಲಮ್ಮ ಕೇಳಿದಳು. "ಅವ್ರು ನಗಬೇಕಾದ್ರ ನಿನಗ ನಾಚ್ಕಿ ಆಗ್ಲಿಲ್ಲೇನು?"

"ಮೊದ್ಲು ಆತು. ಆದ್ರ ಎರಡ್ನೇದು ಬರ್ತೈತಿ ಅಂತ ನನಗೊಬ್ಬಾಕಿಗೇ ಗೊತ್ತಿರ್ತೈತಲ್ಲ ಯಮ್ಮಾ" ಎಂದಳು ಹುಡುಗಿ, ಕಿಟಕಿಯ ಆಚೆ ನೋಡುತ್ತ.

ಎಲ್ಲಮ್ಮ ಬದಲಾದಳು ಎಂದರೆ ಸುಳ್ಳಾದೀತು. ಮಗಳ ಓದನ್ನು ಇನ್ನು ಮೇಲೆ ಎರ್ರಣ್ಣನ ಫೋನಿನಲ್ಲೇ, ಮನೆಯಲ್ಲೇ ತುಂಬಬೇಕು, ತಾನು ಕೇಳಿದ ಮೇಲೆಯೇ ಮೇಷ್ಟ್ರಿಗೆ ಕಳಿಸಬೇಕು ಎಂದು ಕಟ್ಟು ಹಾಕಿದಳು. ಮೇಷ್ಟ್ರು ಒಪ್ಪಿದರು. ಬೇರೆ ಮಕ್ಕಳ ಮನೆಗಳಿಗೂ ಹೋಗಿ, ದನಿ ತುಂಬಿಕೊಳ್ಳಬಹುದೇ ಎಂದು ಕೇಳಿ ಬಂದರು. ಎರಡು ಮನೆಯವರು ಬೇಡವೆಂದರು. ಹೀಗಾಗಿ ಈಗ ಸಂಜೆ ಅಡುಗೆಯ ಹೊತ್ತಿಗೆ ಒಲೆಯ ಮುಂದೆ ಓದು ನಡೆಯುತ್ತದೆ. ಅಕ್ಷರ ಅರಿಯದ ಎಲ್ಲಮ್ಮ ರೊಟ್ಟಿ ತಟ್ಟುತ್ತ ಕೇಳುತ್ತಾಳೆ, ನಡುವೆ ತಡೆದು, "ಅದೇನು ಹಂಗಂದ್ರ? ತೆಲುಗಿನಾಗ ಹೇಳು" ಎನ್ನುತ್ತಾಳೆ. ಮಗಳು ಹೇಳಿದ ಅರ್ಥವನ್ನೂ ಅವಳು ಒಮ್ಮೆಗೇ ನಂಬುವುದಿಲ್ಲ.