ಆಂಪ್ ರಿಪೇರಿ ಪರಮಶಿವಯ್ಯ
ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಬೆಂಗಳೂರಿನ ಬಿಟಿಎಂ ಲೇಔಟಿನಲ್ಲಿ ಗಿಟಾರ್ ಕಲಿಯುವವರ ಪುಟ್ಟ ಆಂಪ್ಲಿಫೈಯರುಗಳೆಲ್ಲ ಒಂದಲ್ಲ ಒಂದು ದಿನ ಪರಮಶಿವಯ್ಯನವರ ಅಂಗಡಿಗೆ ಬರಲೇಬೇಕಿತ್ತು. "ಜರ್ ಅಂತಿದೆ ಸಾರ್, ಸ್ಪೀಕರ್ ಹೋಯ್ತಾ?" ಎಂದು ಗಾಬರಿಯಿಂದ ಕೇಳಿದವರಿಗೆ ಅವರು ಮೊದಲು ದಪ್ಪ ತಂತಿ ಮೀಟಲು ಹೇಳಿ, ಪೆಟ್ಟಿಗೆಗೆ ಹಣೆ ಆನಿಸಿ ಕಣ್ಣು ಮುಚ್ಚುತ್ತಿದ್ದರು, ಹಾಗಾಗಿ ಬಡಾವಣೆಯ ಅರ್ಧ ಆಂಪ್‌ಗಳ ಮೇಲೆ ಅವರ ವಿಭೂತಿಯ ಗುರುತಿತ್ತು. ಆಮೇಲೆ ಕಾಫಿ. ಲೋಟ ಖಾಲಿಯಾಗದೆ ಅವರು ಸ್ಕ್ರೂಡ್ರೈವರ್ ಮುಟ್ಟಿದ್ದನ್ನು ಯಾರೂ ಕಂಡಿಲ್ಲ. "ಒಳಗಿರೋದು ಟ್ರಾನ್ಸಿಸ್ಟರ್ ಕಣ್ರೀ, ನಮ್ಮಿಬ್ರಿಗಿಂತ ಜಾಸ್ತಿ ದಿನ ಬಾಳುತ್ತೆ" ಎನ್ನುವುದು ಅವರ ಖಾಯಂ ಮಾತು. ಆಯುಧಪೂಜೆಯ ಮರುವಾರವಂತೂ ಅಂಗಡಿಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಒಂದು ವರ್ಷ ಬಸವಂತನೆಂಬ ಹುಡುಗ ಆಂಪ್ ಹೊತ್ತು ತಂದಾಗ, ಬಾದಾಮಿ ಕಡೆಯ ಅವನ ತಾಯಿ ರೇಣುಕವ್ವನೂ ಹಿಂದೆಯೇ ಬಂದರು. ಹಬ್ಬದ ದಿನ ಅದನ್ನು ಅಂಗಾತ ಮಲಗಿಸಿ ಪೂಜೆ ಮಾಡಿದ್ದು ಆಕೆಯೇ. "ನಾ ಪೂಜಿ ಮಾಡಿದ ಮ್ಯಾಲೇ ಕೆಟ್ಟೈತ್ರೀ" ಎಂದು ಬಾಗಿಲಲ್ಲೇ ನಿಂತರು. ಕಾಫಿ ಮುಗಿಸಿ ಬಿಚ್ಚಿ ನೋಡಿದರೆ, ಮುಂಭಾಗದ ಜಾಲರಿಯ ತೂತುಗಳಿಂದ ಇಳಿದ ಅಕ್ಷತೆಯ ಆರೇಳು ಕಾಳು ಸ್ಪೀಕರಿನ ಕಾಗದದ ಮೇಲೆ ಕುಣಿದು ಜರ್ ಎನ್ನಿಸುತ್ತಿದ್ದವು. ಪರಮಶಿವಯ್ಯ ಅವನ್ನು ಮೆಲ್ಲಗೆ ಮುಷ್ಟಿಯಲ್ಲಿ ಮುಚ್ಚಿಕೊಂಡು, "ಒಂದು ಸ್ಕ್ರೂ ಲೂಸಾಗಿತ್ತಮ್ಮ, ಅಷ್ಟೇ. ಬರೋ ವರ್ಷಾನೂ ಪೂಜೆ ಮಾಡಿ" ಎಂದರು. ಬಸವಂತ ಮೀಟಿದ ತಂತಿ ಸ್ವಚ್ಛವಾಗಿ ನುಡಿಯಿತು. ರೇಣುಕವ್ವ ಉಸಿರು ಬಿಟ್ಟು ಒಳಗೆ ಬಂದು ಸ್ಟೂಲಿನ ಮೇಲೆ ಕುಳಿತರು. ಪರಮಶಿವಯ್ಯ ಎರಡು ಕಾಫಿ ತರಿಸಿದರು. ಆಕೆ ಕುಡಿಯುತ್ತಿದ್ದಾಗ, ತಮ್ಮ ಲೋಟದ ಕಾಫಿಯನ್ನು ಆರಲು ಬಿಟ್ಟು, ಜಾಲರಿಯ ಒಳಬದಿಗೆ ತೆಳುವಾದ ಬಟ್ಟೆಯೊಂದನ್ನು ಸದ್ದಿಲ್ಲದೆ ಅಂಟಿಸಿದರು.