ಉದ್ಘಾಟನೆಗೆ ಕಾದ ನೀರು

ನನ್ನ ಗಂಡನ ಅಣ್ಣನಿಗೂ ನನಗೂ ಯಾವತ್ತೂ ಅಷ್ಟಕ್ಕಷ್ಟೆ. ಆದರೆ ಮಾತು ಪೂರ್ತಿ ನಿಂತದ್ದು ಒಂದು ಬಾವಿಯ ವಿಷಯಕ್ಕೆ.

ಭಾವ ಇರುವುದು ವುಡ್‌ರಿಡ್ಜ್‌ನಲ್ಲಿ, ನಾವು ಬೇರೆ ರಾಜ್ಯದಲ್ಲಿ, ಮಿಷಿಗನ್‌ನ ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿ. ಅತ್ತೆ ತೀರಿಕೊಂಡ ಮೇಲೆ ಅವರ ಹೆಸರಿನಲ್ಲಿ ಆಫ್ರಿಕಾದ ಮಲಾವಿಯ ಒಂದು ಹಳ್ಳಿಗೆ ಕೊಳವೆ ಬಾವಿ ಕೊರೆಸಿಕೊಡುತ್ತೇನೆಂದು ಭಾವ ಹೊರಟರು. ಪರಿಚಯದ ಮನೆಗಳಿಂದೆಲ್ಲ ದುಡ್ಡು ಎತ್ತಿದರು. ನಾವೂ ಕೊಟ್ಟೆವು. ಅಲ್ಲಿನ ಹೆಂಗಸರು ಹಳ್ಳದ ಕೆಸರು ನೀರನ್ನು ಬಕೆಟ್ಟಿಗೆ ಮೊಗೆಯುವ ಫೋಟೋಗಳು ವಾಟ್ಸ್ಯಾಪಿಗೆ ಬರುತ್ತಲೇ ಇದ್ದವು. ಬೇಸಿಗೆ ರಜೆಯಲ್ಲಿ ಹೆಂಡತಿ, ಮಗಳ ಜೊತೆ ಹೋಗಿ ಉದ್ಘಾಟನೆಯನ್ನೂ ಮಾಡಿ ಬಂದರು.

ಅದರ ವಿಡಿಯೋ ತೋರಿಸಲು ಒಂದು ಶನಿವಾರ ಎಲ್ಲರನ್ನೂ ಊಟಕ್ಕೆ ಕರೆದರು. ಬೇಸ್‌ಮೆಂಟ್ ತುಂಬ ಜನ. ದೊಡ್ಡ ಟೀವಿಯಲ್ಲಿ ಅತ್ತೆಯ ಫೋಟೋಗೆ ಹಾರ, ಕೈಪಂಪಿಗೆ ಕೆಂಪು ರಿಬ್ಬನ್, ಭಾವ ಕಾಯಿ ಒಡೆಯುತ್ತಿರುವುದು. ಅದಕ್ಕೂ ಮೊದಲಿನ ಒಂದು ದೃಶ್ಯದಲ್ಲಿ ಪಂಪಿನ ಹಿಡಿಗೆ ಸರಪಳಿ ಸುತ್ತಿ ಬೀಗ ಹಾಕಿತ್ತು. ಯಾಕೆ ಎಂದು ಕೇಳಿದೆ.

ಉತ್ತರ ಕೊಟ್ಟವಳು ಭಾವನ ಮಗಳು. ಹೈಸ್ಕೂಲಿನ ಕೊನೆಯ ವರ್ಷದ ಹುಡುಗಿ, ಮುಚ್ಚಿಡುವುದು ಗೊತ್ತಿಲ್ಲ. "ಓ, ದಟ್ ವಾಸ್ ಫಾರ್ ಅಸ್, ಚಿಕ್ಕಮ್ಮ. ಇಟ್ ವಾಸ್ ರೆಡಿ ಇನ್ ಮೇ. ದೇ ವರ್ ವೇಟಿಂಗ್ ಫಾರ್ ಅಸ್."

ಇವರು ಹೋದದ್ದು ಜುಲೈ ಕೊನೆಗೆ. ಮೇ ತಿಂಗಳಿಂದ ನೀರು ಇತ್ತು, ಬೀಗದ ಹಿಂದೆ.

"ಅಲ್ಲೀವರೆಗೂ ಅವರು ಏನು ಕುಡೀತಿದ್ರು ಭಾವ?" ಎಂದೆ.

"ಮೊದಲಿಂದ ಏನ್ ಕುಡೀತಿದ್ರೋ ಅದೇ," ಎಂದು ಭಾವ ನಕ್ಕರು. ಒಬ್ಬಿಬ್ಬರು ಜೊತೆಗೆ ನಕ್ಕರು. "ಪೂಜೆ ಆಗದೆ ಹೇಗಮ್ಮ ಓಪನ್ ಮಾಡೋದು? ಅಮ್ಮನ ಹೆಸರಿಂದು."

"ಬೀಗ ಹಾಕ್ಸಿದ್ದು ನೀವೇನಾ?"

"ನಾನೇ ಹೇಳಿದ್ದು. ಹುಡುಗ್ರು ಆಡಿ ಮುರಿದು ಹಾಕಿದ್ರೆ ನಾನು ಹೋಗಿ ಏನ್ ಉದ್ಘಾಟನೆ ಮಾಡ್ಲಿ?"

ಓರಗಿತ್ತಿ ಅನ್ನದ ಪಾತ್ರೆ ಹಿಡಿದುಕೊಂಡೇ ಬಂದಳು. "ದುಡ್ಡು ಕೊಟ್ಟವರು ಬಂದಿದಾರೆ. ಊಟದ ಹೊತ್ತಲ್ಲಿ ಇದೆಲ್ಲ ಬೇಕಿತ್ತಾ?"

"ಅವರು ಕೊಟ್ಟಿದ್ದು ನೀರಿಗೆ ಅಕ್ಕ, ರಿಬ್ಬನ್‌ಗಲ್ಲ."

ಭಾವನ ಮುಖ ಕೆಂಪಾಯಿತು. "ಅಮ್ಮ ಇದ್ದಾಗ್ಲೂ ನಿನಗೆ ಅವಳನ್ನ ಕಂಡ್ರೆ ಆಗ್ತಿರ್ಲಿಲ್ಲ. ಈಗ ಅವಳ ಹೆಸರು ಕಂಡ್ರೂ ಆಗಲ್ಲ."

ಅತ್ತೆ ಹಾಸಿಗೆ ಹಿಡಿದದ್ದು ನಮ್ಮ ಮನೆಯಲ್ಲಿ. ಗಂಟಲಲ್ಲಿ ಅನ್ನ ಇಳಿಯದಾದಾಗ ಚಮಚದಲ್ಲಿ ನೀರು ಹಾಕಿದವಳು ನಾನು. ಈ ಮಗ ಬರುತ್ತಿದ್ದದ್ದು ಲಾಂಗ್ ವೀಕೆಂಡ್ ಸಿಕ್ಕಾಗ, ಬಂದಾಗಲೂ ಕೈಯಲ್ಲಿ ಫೋನು. ಅದನ್ನು ಅಷ್ಟು ಜನರ ಮುಂದೆ ಹೇಳಿಬಿಡುವವಳಿದ್ದೆ. ನನ್ನ ಗಂಡ ತೋಳು ಹಿಡಿದು, "ಸಾಕು ಬಿಡೇ," ಎಂದರು. ಅವರ ಕೈ ಕೊಡವಿ ಊಟ ಮಾಡದೆ ಹೊರಗೆ ಬಂದು ಕಾರಿನಲ್ಲಿ ಕೂತೆ. ಅವರು ಮಾತ್ರ ಪಾಯಸವನ್ನೂ ತಿಂದು ಬಂದರು.

ಕಾರು ಮಿಷಿಗನ್ ಗಡಿ ದಾಟಿತು. ಆಮೇಲೆ ಅವರೇ, "ಕೊನೆಗೆ ನೀರಂತೂ ಬಂತಲ್ಲ. ಅಣ್ಣ ಅಷ್ಟು ಓಡಾಡದೆ ಇದ್ದಿದ್ರೆ ಅದೂ ಇರ್ತಿರ್ಲಿಲ್ಲ," ಎಂದರು.

ಅದು ನಿಜ. ನಿಜವಾಗಿದ್ದದ್ದಕ್ಕೇ ನನಗೆ ಇನ್ನಷ್ಟು ಉರಿಯಿತು. ತಾನು ಬರುವ ತನಕ ಬಾಯಾರಿದವರನ್ನು ಕಾಯಿಸಿದ ಮನುಷ್ಯನನ್ನು ಆ ಊರಿನವರು ಚಪ್ಪಾಳೆ ತಟ್ಟಿ ಬರಮಾಡಿಕೊಳ್ಳಬೇಕಾಯಿತು. ಬೇರೆ ದಾರಿ ಏನಿತ್ತು ಅವರಿಗೆ? "ನಿಮ್ಮಣ್ಣನ ಮನೆ ನೀರಿನ ಮೇನ್ ಲೈನ್ ಒಂದು ವಾರ ಆಫ್ ಮಾಡಿಸಿ ನೋಡಿ, ಆಮೇಲೆ ಹೇಳಿ," ಎಂದೆ. ಅವರು ರೇಡಿಯೋ ಹಾಕಿದರು.

ದೀಪಾವಳಿಗೆ ಗಂಡ ಒಬ್ಬರೇ ವುಡ್‌ರಿಡ್ಜ್‌ಗೆ ಹೋದರು. ನಾನು ಹೋಗಲಿಲ್ಲ, ಯಾರೂ ಕರೆಯಲೂ ಇಲ್ಲ. ಚಳಿಗಾಲ ಕಳೆದು ನಮ್ಮೂರಿನ ಹತ್ತಿರದ ಸೌತ್‌ಫೀಲ್ಡ್‌ನಲ್ಲಿ ಒಂದು ಮದುವೆ. ಊಟದ ಸಾಲಿನಲ್ಲಿ ತಿರುಗಿ ನೋಡಿದರೆ ಹಿಂದೆ ಭಾವ, ಕೈಯಲ್ಲಿ ತಟ್ಟೆ.

"ಇನ್ನೊಂದು ಬಾವಿ ಶುರು ಮಾಡ್ತಿದೀವಿ," ಎಂದರು. "ನಿನ್ನ ಹತ್ರ ಕೇಳಲ್ಲ."

"ಕೇಳಿದ್ರೂ ಕೊಡಲ್ಲ," ಎಂದು ನನ್ನ ಪಾಡಿಗೆ ನಾನು ಪಲ್ಯ ಬಡಿಸಿಕೊಂಡೆ.