ಬಾಲ್ಕನಿಯಲ್ಲಿ ಚಳಿಗಿಟ್ಟ ವೈನ್

ಈ ಚಳಿದೇಶದ ಲಿಂಕೋಪಿಂಗ್ ಊರಿನ ನಮ್ಮ ಫ್ಲ್ಯಾಟಿನಲ್ಲಿ ನಾನೇ ಮಾಡಿದ ದ್ರಾಕ್ಷಿ ವೈನ್ ತಿಳಿಯಾಗಲಿ ಅಂತ ಗಾಜಿನ ಜಾಡಿಯನ್ನು ಬಾಲ್ಕನಿಯ ಚಳಿಗಿಟ್ಟಿದ್ದೆ.

"ಒಳಗಿಡಿ, ಹೆಪ್ಪುಗಟ್ಟಿ ಜಾಡಿ ಒಡೆಯುತ್ತೆ," ಅಂದರು ಪಕ್ಕದ ಮನೆಯ ಲಾರ್ಸ್. ಚಳಿಯಲ್ಲೇ ಹುಟ್ಟಿ ಬೆಳೆದವರು.

"ವೈನ್ ಅಷ್ಟು ಬೇಗ ಹೆಪ್ಪುಗಟ್ಟಲ್ಲ. ಅಲ್ಲೇ ಇರುತ್ತೆ," ಅಂದೆ.

ಕೆಲವು ವಾರಗಳಲ್ಲಿ ವೈನ್ ತಿಳಿಯಾಯಿತು. ತಳದಲ್ಲಿ ಹರಳುಗಳು ಮಿನುಗುತ್ತಿದ್ದವು.

"ನೋಡಿ, ಗಾಜಿನ ಚೂರು. ಚೆಲ್ಲಿಬಿಡಿ," ಅಂದರು ಲಾರ್ಸ್.

ನಾನು ಚೆಲ್ಲಲಿಲ್ಲ. ವೈನ್ ಬಸಿದು, ಒಂದು ಹರಳನ್ನು ಅವರ ಕಣ್ಣೆದುರೇ ಬಾಯಿಗೆ ಹಾಕಿಕೊಂಡು ಕಟುಮ್ಮನೆ ಕಡಿದೆ. "ಗಾಜಲ್ಲ, ಹುಳಿ. ನಮ್ಮ ಹುಣಸೆಹಣ್ಣಿನಲ್ಲಿರೋ ಹುಳಿಯೇ, ದ್ರಾಕ್ಷಿಯಲ್ಲೂ ಇರುತ್ತೆ. ಚಳಿಗೆ ಗಟ್ಟಿಯಾಗಿ ಕೆಳಗೆ ಕೂತಿದೆ."

ಲಾರ್ಸ್ ತಾವೂ ಒಂದು ಹರಳು ನೆಕ್ಕಿ ಮುಖ ಕಿವುಚಿದರು. ಆಮೇಲೆ ಲೋಟ ಕೇಳಿ, ಒಂದು ಗುಟುಕು ವೈನ್ ಕುಡಿದು, "ಪರವಾಗಿಲ್ಲ," ಅಂದರು. ಈ ದೇಶದಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ನಾನಿನ್ನೂ ಕೇಳಿಲ್ಲ.